ಜರ್ಮೇನಿಯಂ ಗಾಮಾ ಡಿಟೆಕ್ಟರಿನ ದಕ್ಷತೆಯನ್ನು ಅಳೆಯುವ ಬಗೆ

ಜರ್ಮೇನಿಯಂ ಡಿಟೆಕ್ಟರಿನ ಜೊತೆಗೆ ತಯಾರಕರು ಕೊಡುವ ಹಾಳೆಯಲ್ಲಿ ‘ಸಾಪೇಕ್ಷ ದಕ್ಷತೆ 30%’ ಎಂಬಂಥ ಒಂದು ಸಾಲು ಇರುತ್ತದೆ. ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳಲ್ಲಿ ಹಲವರು ಇದನ್ನು ಓದಿ, ನೂರು ಗಾಮಾ ಕಿರಣಗಳು ಬಂದರೆ ಮೂವತ್ತನ್ನು ಈ ಉಪಕರಣ ಎಣಿಸುತ್ತದೆ ಎಂದು ತಿಳಿಯುತ್ತಾರೆ. ಆ ಸಾಲಿನ ಅರ್ಥವೇ ಬೇರೆ. ಕೋಬಾಲ್ಟ್-60ರ ಬಿಂದು ಆಕರವನ್ನು ಡಿಟೆಕ್ಟರಿನ ಮುಂಭಾಗದಿಂದ 25 ಸೆಂ.ಮೀ. ದೂರದಲ್ಲಿ ಇಟ್ಟಾಗ, 1332.5 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಮುಂದೆ ಕೆಇವಿ) ಶಕ್ತಿಯ ಪೀಕಿನಲ್ಲಿ (ತಮ್ಮ ಪೂರ್ತಿ ಶಕ್ತಿಯನ್ನು ಹರಳಿನಲ್ಲಿ ಬಿಟ್ಟ ಫೋಟಾನ್‌ಗಳ, ಅಂದರೆ ಗಾಮಾ ಕಣಗಳ, ಎಣಿಕೆ ಗುಡ್ಡೆಯಾಗಿ ಏಳುವ ಜಾಗ) ಸಿಗುವ ಎಣಿಕೆಯನ್ನು, ಮೂರು ಇಂಚು ವ್ಯಾಸ ಮತ್ತು ಮೂರು ಇಂಚು ಉದ್ದದ ಸೋಡಿಯಂ ಅಯೊಡೈಡ್ ಹರಳು ಅದೇ ದೂರದಲ್ಲಿ ಕೊಡುವ ಎಣಿಕೆಗೆ ಹೋಲಿಸಿದ ಅಂಕಿ ಅದು. ಆ ಹರಳಿನ ದಕ್ಷತೆಯನ್ನು 0.0012 ಎಂದು ಒಪ್ಪಿಕೊಳ್ಳಲಾಗಿದೆ. ಆದ್ದರಿಂದ 30% ಎಂದರೆ 0.00036; ಆಕರದಿಂದ ಹತ್ತು ಸಾವಿರ ಫೋಟಾನ್‌ಗಳು ಹೊರಟರೆ ಮೂರೂವರೆಯಷ್ಟು ಮಾತ್ರ ಪೀಕಿಗೆ ಬಂದು ಸೇರುತ್ತವೆ.

ಡಿಟೆಕ್ಟರ್ ಕೊಳ್ಳುವಾಗ ಒಂದನ್ನು ಇನ್ನೊಂದಕ್ಕೆ ಹೋಲಿಸಲು ಈ ಅಂಕಿ ಸಾಕು. ಮಣ್ಣಿನಲ್ಲಿ, ಮರಳಿನಲ್ಲಿ, ಹಾಲಿನಲ್ಲಿ ಎಷ್ಟು ಬೆಕೆರೆಲ್ (ಸೆಕೆಂಡಿಗೆ ಒಂದು ವಿಘಟನೆ ಎಂಬ ಚಟುವಟಿಕೆಯ ಮಾನ) ಇದೆ ಎಂದು ಹೇಳಲು ಇದರಿಂದ ಏನೂ ಸಾಗದು. ಅದಕ್ಕೆ ಬೇಕಾದದ್ದು ನಮ್ಮದೇ ಆಕರ, ನಮ್ಮದೇ ದೂರ, ನಮ್ಮದೇ ಡಬ್ಬಿಯಲ್ಲಿ ಅಳೆದ ಪೂರ್ಣಶಕ್ತಿ ಪೀಕಿನ ದಕ್ಷತೆ. ದಕ್ಷತೆಯೆಂಬುದು ಡಿಟೆಕ್ಟರ್ ಒಂದರದೇ ಗುಣವಲ್ಲ, ಡಿಟೆಕ್ಟರ್, ಆಕರ ಮತ್ತು ಅವೆರಡರ ನಡುವಿನ ಜೋಡಣೆ ಮೂರೂ ಸೇರಿ ಹುಟ್ಟುವ ಅಂಕಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಹಂತವೂ ಯಾಕೆ ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಉಪಕರಣವನ್ನು ಸ್ಥಿರಗೊಳಿಸುವುದು

ಜರ್ಮೇನಿಯಂನಲ್ಲಿ ಎಲೆಕ್ಟ್ರಾನ್‌ಗಳು ಕಟ್ಟುಬಿದ್ದಿರುವ ಸಂಯೋಜಕ ಪಟ್ಟಿಗೂ ಅವು ಬಿಡುವಾಗಿ ಓಡಾಡುವ ವಾಹಕ ಪಟ್ಟಿಗೂ ನಡುವಿನ ಶಕ್ತಿಯ ಅಂತರ ಕೋಣೆಯ ಉಷ್ಣತೆಯಲ್ಲಿ 0.67 ಎಲೆಕ್ಟ್ರಾನ್ ವೋಲ್ಟ್ ಮಾತ್ರ ಇರುವುದರಿಂದ, ತಣ್ಣಗಾಗದ ಹರಳಿನಲ್ಲಿ ಉಷ್ಣದಿಂದಲೇ ವಿದ್ಯುತ್ ಹರಿಯತೊಡಗುತ್ತದೆ. ಹಾಗಾಗಿ ದ್ರವ ಸಾರಜನಕ ತುಂಬಿ, ತಯಾರಕರ ಕೈಪಿಡಿ ಹೇಳಿದಷ್ಟು ಗಂಟೆ ಕಾದು, ಆಮೇಲಷ್ಟೇ ಹೈ ವೋಲ್ಟೇಜನ್ನು ನಿಧಾನವಾಗಿ ಏರಿಸಬೇಕು. ಅರ್ಧ ಬೆಚ್ಚಗಾದ ಡಿಟೆಕ್ಟರನ್ನು ಹಾಗೆಯೇ ಮತ್ತೆ ತಂಪುಮಾಡಬಾರದು. ಪೂರ್ತಿ ಕೋಣೆಯ ಉಷ್ಣತೆಗೆ ಬಂದ ಮೇಲೆ ಹೊಸದಾಗಿ ತಂಪುಮಾಡಬೇಕು.

ನಂತರ ಶಕ್ತಿಯ ಅಳತೆಯನ್ನು ಸರಿಪಡಿಸಿಕೊಂಡು, ಕೋಬಾಲ್ಟ್-60ರ 1332.5 ಕೆಇವಿ ಪೀಕಿನ ಅರ್ಧ ಎತ್ತರದಲ್ಲಿ ಅಗಲ ಎಷ್ಟಿದೆ ನೋಡಿ. ಆರೋಗ್ಯವಾಗಿರುವ ಏಕಾಕ್ಷ ಡಿಟೆಕ್ಟರಿನಲ್ಲಿ ಅದು ಸಾಮಾನ್ಯವಾಗಿ 1.8ರಿಂದ 2 ಕೆಇವಿ ಇರುತ್ತದೆ. ಮೂರು ಕೆಇವಿ ಕಂಡರೆ ದಕ್ಷತೆಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಕಾರಣ ಹುಡುಕಿ. ಪೀಕು ಹರಡಿಕೊಂಡಿದ್ದರೆ ಅದರ ವಿಸ್ತೀರ್ಣವನ್ನು ಯಾವ ತಂತ್ರಾಂಶವೂ ನಂಬುವಂತೆ ಕೊಡಲಾರದು.

ಸೀಸದ ಕವಚವನ್ನು ಮುಚ್ಚಿ, ಆಕರವೇನೂ ಇಲ್ಲದೆ ಒಂದು ರಾತ್ರಿಯಾದರೂ ಹಿನ್ನೆಲೆಯನ್ನು ಎಣಿಸಿಡಿ. ಗೋಡೆಯ ಕಾಂಕ್ರೀಟಿನಿಂದ ಬರುವ ಪೊಟ್ಯಾಸಿಯಂ-40ರ 1460.8 ಕೆಇವಿ, ರೇಡಾನ್ ಸಂತತಿಯಾದ ಬಿಸ್ಮತ್-214ರ 609.3 ಕೆಇವಿ, ಥೋರಿಯಂ ಸರಣಿಯ ಥ್ಯಾಲಿಯಂ-208ರ 2614.5 ಕೆಇವಿ ಇವು ಎಲ್ಲಿ ಹೋದರೂ ಕಾಣಿಸುವ ಪೀಕುಗಳು.

ಆಕರಗಳನ್ನು ಆರಿಸುವುದು, ಪ್ರಮಾಣಪತ್ರವನ್ನು ಓದುವುದು

ದಕ್ಷತೆ ಶಕ್ತಿಯಿಂದ ಶಕ್ತಿಗೆ ಬದಲಾಗುವುದರಿಂದ, ಹಲವು ಶಕ್ತಿಗಳಲ್ಲಿ ಅಳೆದ ಬಿಂದುಗಳ ಮೂಲಕ ದಕ್ಷತೆಯ ರೇಖೆಯೊಂದನ್ನು ಎಳೆಯಬೇಕು. ಒಂದೇ ಆಕರದಿಂದ ಹೆಚ್ಚು ಬಿಂದುಗಳು ಬೇಕೆಂದರೆ ಯುರೋಪಿಯಂ-152. ಅದರ 121.8, 244.7, 344.3, 778.9, 964.1, 1112.1 ಮತ್ತು 1408.0 ಕೆಇವಿ ಗೆರೆಗಳು (ಅದು ಹೊಮ್ಮಿಸುವ ನಿಗದಿತ ಶಕ್ತಿಯ ಗಾಮಾ ಕಿರಣಗಳು) ಈ ರೇಖೆಯ ಬಹುಭಾಗವನ್ನು ಆವರಿಸುತ್ತವೆ. ಅರ್ಧಾಯು ಸುಮಾರು 13.5 ವರ್ಷವಾದ್ದರಿಂದ ಬಹಳ ಕಾಲ ಬಾಳುತ್ತದೆ. ಇದರ ಕೆಳಗಿನ ಶಕ್ತಿಗೆ ಅಮೆರಿಸಿಯಂ-241ರ 59.5 ಕೆಇವಿ, ನಡುವೆ ಸೀಸಿಯಂ-137ರ 661.7 ಕೆಇವಿ ಸೇರಿಸಿಕೊಳ್ಳಬೇಕು. ಇಂಥ ಆಕರಗಳನ್ನು ನಿಯಮದಂತೆ ದಾಖಲಿಸಿ, ವಿಕಿರಣ ಸುರಕ್ಷತಾ ಅಧಿಕಾರಿಯ ಒಪ್ಪಿಗೆಯಿಂದ ಬಳಸಿ, ಎಣಿಕೆ ಮುಗಿದ ಕೂಡಲೇ ಬೀಗದ ಪೆಟ್ಟಿಗೆಗೆ ಹಿಂದಿರುಗಿಸಬೇಕು.

ಪ್ರಮಾಣಪತ್ರದಲ್ಲಿ ನಾಲ್ಕು ವಿಷಯಗಳನ್ನು ಬೆರಳಿಟ್ಟು ಓದಿ. ಕೊಟ್ಟಿರುವುದು ಚಟುವಟಿಕೆಯೇ ಅಥವಾ ಸೆಕೆಂಡಿಗೆ ಹೊಮ್ಮುವ ಫೋಟಾನ್‌ಗಳ ಸಂಖ್ಯೆಯೇ? ಎರಡನೆಯದಾದರೆ ಹೊಮ್ಮುವ ಸಂಭವನೀಯತೆಯಿಂದ ಮತ್ತೊಮ್ಮೆ ಗುಣಿಸಬಾರದು. ಅದು ಯಾವ ದಿನಾಂಕದ, ಯಾವ ಗಂಟೆಯ ಬೆಲೆ? ಅನಿಶ್ಚಿತತೆಯನ್ನು ಒಂದು ಪ್ರಮಾಣಿತ ವಿಚಲನೆಗೆ ಕೊಟ್ಟಿದ್ದಾರೋ ಅದರ ಎರಡು ಪಟ್ಟಿಗೆ ವಿಸ್ತರಿಸಿ ಕೊಟ್ಟಿದ್ದಾರೋ? ವಿಸ್ತರಿಸಿದ 3% ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು 1.5%. ಕೊನೆಯದಾಗಿ, ಬಿಲ್ಲೆಯೊಳಗೆ ವಿಕಿರಣಶೀಲ ಕಣ ಯಾವ ಆಳದಲ್ಲಿ ಕೂತಿದೆ, ಯಾವ ಮುಖ ಡಿಟೆಕ್ಟರಿನ ಕಡೆಗೆ ಇರಬೇಕು? ನಾಣ್ಯದಂತಿರುವ ಪ್ಲಾಸ್ಟಿಕ್ ಬಿಲ್ಲೆಯ ಎರಡು ಮುಖಗಳೂ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ನಾನು ಕೆಲಸ ಕಲಿತ ಕಾಲದಲ್ಲಿ ಬಿಲ್ಲೆಯನ್ನು ಒಮ್ಮೆ ಮಗುಚಿ ಇಟ್ಟು, ಹತ್ತಿರದ ಜೋಡಣೆಯಲ್ಲಿ ಎಲ್ಲ ಬಿಂದುಗಳೂ ಶೇಕಡಾ ನಾಲ್ಕೈದರಷ್ಟು ಕೆಳಗೆ ಬಿದ್ದದ್ದಕ್ಕೆ ಎರಡು ದಿನ ಕಾರಣ ಹುಡುಕಿದ್ದೆ. ಆವತ್ತಿನಿಂದ ಬಿಲ್ಲೆಯ ಅಂಚಿನಲ್ಲಿ ಶಾಯಿಯಿಂದ ಬಾಣದ ಗುರುತು ಹಾಕಿಡುವುದು ನನ್ನ ರೂಢಿ.

ಜೋಡಣೆ

ಮೊದಲ ರೇಖೆಯನ್ನು 25 ಸೆಂ.ಮೀ. ದೂರದಲ್ಲಿಯೇ ಅಳೆಯಿರಿ, ಹತ್ತಿರಕ್ಕೆ ಹೋಗುವ ಆಸೆಯನ್ನು ತಡೆಹಿಡಿಯಿರಿ. ದೂರದಲ್ಲಿ ಇಟ್ಟಾಗ ಸ್ಥಾನದ ತಪ್ಪುಗಳು ಸಣ್ಣವಾಗುತ್ತವೆ. ದೂರದ ವರ್ಗಕ್ಕೆ ವಿಲೋಮವಾಗಿ ಎಣಿಕೆ ಇಳಿಯುವುದರಿಂದ, 25 ಸೆಂ.ಮೀ.ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಸುಮಾರು 0.8% ವ್ಯತ್ಯಾಸ ಬರುತ್ತದೆ. 5 ಸೆಂ.ಮೀ.ನಲ್ಲಿ ಅದೇ ಒಂದು ಮಿಲಿಮೀಟರ್, ಫೋಟಾನ್‌ಗಳು ಹರಳಿನೊಳಗೆ ಕೆಲವು ಸೆಂಟಿಮೀಟರ್ ಆಳಕ್ಕಿಳಿದು ನಿಲ್ಲುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಎರಡು ಎರಡೂವರೆ ಶೇಕಡಾ ತಪ್ಪನ್ನು ತಂದುಹಾಕುತ್ತದೆ.

ಆಕರವನ್ನು ಕೈಯಲ್ಲಿ ಹಿಡಿದು, ಟೇಪು ಅಂಟಿಸಿ ನಿಲ್ಲಿಸುವುದು ಬೇಡ. ಅಕ್ರಿಲಿಕ್ ಹಾಳೆಯಲ್ಲಿ ಬಿಲ್ಲೆಯ ವ್ಯಾಸಕ್ಕೆ ಸರಿಯಾಗಿ ಗುಳಿ ಕೊರೆಸಿ, ಡಿಟೆಕ್ಟರಿನ ಅಲ್ಯೂಮಿನಿಯಂ ಟೊಪ್ಪಿಗೆಯ ಮೇಲೆ ಬಿಗಿಯಾಗಿ ಕೂರುವ ಕೊಳವೆಯ ಆಕಾರದ ಸ್ಟ್ಯಾಂಡ್ ಮಾಡಿಸಿಕೊಂಡರೆ, ಇವತ್ತು ಇಟ್ಟ ಜಾಗದಲ್ಲೇ ಆರು ತಿಂಗಳ ಮೇಲೂ ಇಡಬಹುದು. ದೂರವನ್ನು ಟೊಪ್ಪಿಗೆಯ ಮುಖದಿಂದ ಅಳೆಯಿರಿ, ಹಾಗೆಂದು ದಾಖಲೆಯಲ್ಲಿ ಬರೆದಿಡಿ. ಹರಳು ಟೊಪ್ಪಿಗೆಯಿಂದ ಕೆಲವು ಮಿಲಿಮೀಟರ್ ಒಳಗಿರುತ್ತದೆ, ಆ ಅಂತರ ಒಂದೊಂದು ಡಿಟೆಕ್ಟರಿಗೆ ಒಂದೊಂದು ತೆರ.

ಎಣಿಕೆ ಮತ್ತು ಲೆಕ್ಕ

ಆಕರವನ್ನಿಟ್ಟ ಮೇಲೆ ಡೆಡ್ ಟೈಮ್ (ಒಂದು ಸ್ಪಂದನದಲ್ಲಿ ತೊಡಗಿ ಉಪಕರಣ ಬೇರೆಯದನ್ನು ಎಣಿಸಲಾಗದ ಹೊತ್ತಿನ ಪಾಲು) ಎಷ್ಟು ತೋರಿಸುತ್ತಿದೆ ನೋಡಿ. ಶೇಕಡಾ ಐದನ್ನು ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಲೈವ್ ಟೈಮ್ ಗಡಿಯಾರವು ಉಪಕರಣ ಕಿವುಡಾಗಿದ್ದ ಹೊತ್ತನ್ನು ಕಳೆದು ಲೆಕ್ಕ ಹಾಕುತ್ತದೆಯಾದರೂ, ಎರಡು ಸ್ಪಂದನಗಳು ಅಕಸ್ಮಾತ್ತಾಗಿ ಒಂದರ ಮೇಲೊಂದು ಬಿದ್ದು ಪೀಕಿನಿಂದ ಆಚೆ ಹೋದದ್ದನ್ನು ಅದು ಪೂರ್ತಿ ಸರಿಪಡಿಸಲಾರದು. ಪ್ರತಿ ಮುಖ್ಯ ಪೀಕಿನಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ನಿವ್ವಳ ಎಣಿಕೆ ಬರುವವರೆಗೆ ಬಿಡಿ. ಆಗ ಎಣಿಕೆಯ ಏರಿಳಿತದಿಂದ ಬರುವ ತಪ್ಪು ಶೇಕಡಾ ಒಂದರ ಆಸುಪಾಸಿಗೆ ಇಳಿಯುತ್ತದೆ.

ಬಳಸುವ ಸೂತ್ರ ಇಷ್ಟೇ:

ದಕ್ಷತೆ = ಪೀಕಿನ ನಿವ್ವಳ ಎಣಿಕೆ ÷ (ಅಳೆದ ದಿನದ ಚಟುವಟಿಕೆ × ಆ ಗೆರೆ ಹೊಮ್ಮುವ ಸಂಭವನೀಯತೆ × ಲೈವ್ ಟೈಮ್)

ಒಂದು ಮಾದರಿ ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ. ಯುರೋಪಿಯಂ-152ರ ಆಕರ ಪ್ರಮಾಣಪತ್ರದ ದಿನ 10,000 ಬೆಕೆರೆಲ್ ಇತ್ತು, ನಾವು ಅಳೆಯುತ್ತಿರುವುದು ಸರಿಯಾಗಿ ಐದು ವರ್ಷಗಳ ನಂತರ ಎಂದುಕೊಳ್ಳಿ. ಅರ್ಧಾಯು 13.52 ವರ್ಷ ಹಿಡಿದರೆ ಉಳಿದಿರುವ ಪಾಲು 0.7739, ಅಂದರೆ 7,739 ಬೆಕೆರೆಲ್. 1408 ಕೆಇವಿ ಗೆರೆ ನೂರು ವಿಘಟನೆಗಳಲ್ಲಿ ಸುಮಾರು 20.85 ಸಲ ಹೊಮ್ಮುತ್ತದೆ. ಆದ್ದರಿಂದ ಸೆಕೆಂಡಿಗೆ 1,614 ಫೋಟಾನ್‌ಗಳು. ಎಂಟು ಗಂಟೆ, ಅಂದರೆ 28,800 ಸೆಕೆಂಡ್ ಲೈವ್ ಟೈಮಿನಲ್ಲಿ ಹೊರಟವು ಸುಮಾರು 4 ಕೋಟಿ 65 ಲಕ್ಷ. ಪೀಕಿನ ಪ್ರದೇಶದಲ್ಲಿ ಒಟ್ಟು 16,400 ಎಣಿಕೆಯಿದ್ದು, ಎರಡೂ ಬದಿಯ ಸಮತಟ್ಟು ಚಾನೆಲ್‌ಗಳಿಂದ ಅಂದಾಜಿಸಿದ ತಳಭಾಗ 560 ಆದರೆ ನಿವ್ವಳ 15,840. ಭಾಗಿಸಿದಾಗ ದಕ್ಷತೆ 0.000341. ಮೊದಲು ಹೇಳಿದ 30% ಡಿಟೆಕ್ಟರಿನಿಂದ 1332.5 ಕೆಇವಿಯಲ್ಲಿ ನಿರೀಕ್ಷಿಸಿದ 0.00036ಕ್ಕೆ ಹೋಲಿಸಿದರೆ, ಸ್ವಲ್ಪ ಹೆಚ್ಚಿನ ಶಕ್ತಿಯಲ್ಲಿ ಸ್ವಲ್ಪ ಕಡಿಮೆ ಬಂದಿರುವುದು ಸಹಜವಾಗಿಯೇ ಇದೆ.

ತಳಭಾಗವನ್ನು ಆರಿಸುವಾಗ ಯುರೋಪಿಯಂನಲ್ಲಿ ಒಂದು ಎಚ್ಚರ ಬೇಕು. 1085.8 ಕೆಇವಿ ಗೆರೆಯ ಬಲಕ್ಕೆ ನಾಲ್ಕು ಕೆಇವಿ ದೂರದಲ್ಲೇ 1089.7 ಕೆಇವಿಯ ಸಣ್ಣ ಗೆರೆಯಿದೆ. ತಳಭಾಗದ ಚಾನೆಲ್‌ಗಳು ಅದರ ಮೇಲೆ ಬಿದ್ದರೆ ನಿವ್ವಳ ಎಣಿಕೆ ತಪ್ಪಾಗಿ ಕಡಿಮೆಯಾಗುತ್ತದೆ. ತಂತ್ರಾಂಶ ಆರಿಸಿದ ಗಡಿಗಳನ್ನು ಪ್ರತಿ ಪೀಕಿಗೂ ಪರದೆಯ ಮೇಲೆ ಹಿಗ್ಗಿಸಿ, ಕಣ್ಣಾರೆ ನೋಡಿಯೇ ಒಪ್ಪಬೇಕು.

ಕ್ಷಯದ ಲೆಕ್ಕವನ್ನು ಮರೆಯುವುದರ ಬೆಲೆ ಆಕರದಿಂದ ಆಕರಕ್ಕೆ ಬೇರೆ. ಅಮೆರಿಸಿಯಂ-241 ವರ್ಷಕ್ಕೆ ಕಳೆದುಕೊಳ್ಳುವುದು 0.16%, ಕೋಬಾಲ್ಟ್-60 ಸುಮಾರು 12%, 312 ದಿನಗಳ ಅರ್ಧಾಯುವಿನ ಮ್ಯಾಂಗನೀಸ್-54 ವರ್ಷದ ಕೊನೆಗೆ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ.

ಅನಿಶ್ಚಿತತೆ

ಮೇಲಿನ ಬಿಂದುವಿಗೆ ಎಣಿಕೆಯಿಂದ 0.8%, ಪ್ರಮಾಣಪತ್ರದಿಂದ 1.5%, ಹೊಮ್ಮುವ ಸಂಭವನೀಯತೆಯಿಂದ 0.4%, ಸ್ಥಾನದಿಂದ 0.8% ಎಂದು ಹಿಡಿದರೆ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದಾಗ ಸುಮಾರು 1.9% ಬರುತ್ತದೆ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಯುರೋಪಿಯಂನಿಂದ ಹತ್ತು ಬಿಂದುಗಳು ಸಿಕ್ಕಿದವೆಂದು ಆ 1.5% ಹತ್ತು ಕಡೆ ಹಂಚಿಹೋಗಿ ಸಣ್ಣದಾಗುವುದಿಲ್ಲ. ಹತ್ತೂ ಬಿಂದುಗಳು ಒಂದೇ ಪ್ರಮಾಣಪತ್ರವನ್ನು ಆತುಕೊಂಡಿವೆ; ಅದು ತಪ್ಪಿದರೆ ಇಡೀ ರೇಖೆ ಒಟ್ಟಾಗಿ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಅದರ ಆಕಾರ ಮಾತ್ರ ಅಂದವಾಗಿಯೇ ಕಾಣುತ್ತಿರುತ್ತದೆ. ಆದ್ದರಿಂದ ರೇಖೆ ಎಳೆಯುವಾಗ ಈ ಪಾಲನ್ನು ಬಿಂದುಗಳ ತೂಕದಲ್ಲಿ ಸೇರಿಸದೆ, ರೇಖೆ ಸಿಕ್ಕ ಮೇಲೆ ಒಟ್ಟಾಗಿ ಸೇರಿಸಬೇಕು. ಬೇರೆಯದೇ ಪ್ರಮಾಣಪತ್ರವಿರುವ ಸೀಸಿಯಂ-137ನ್ನು ಜೊತೆಗೆ ಅಳೆಯಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ರೇಖೆ ಎಳೆಯುವುದು

ಶಕ್ತಿಯ ಲಾಗರಿತಮ್ಮನ್ನು ಅಡ್ಡಕ್ಕೂ ದಕ್ಷತೆಯ ಲಾಗರಿತಮ್ಮನ್ನು ಉದ್ದಕ್ಕೂ ಗುರುತಿಸಿದರೆ, ಸುಮಾರು 200ರಿಂದ 1500 ಕೆಇವಿಯವರೆಗೆ ಬಿಂದುಗಳು ಬಹುತೇಕ ಒಂದು ಸರಳ ರೇಖೆಯಲ್ಲಿ ಇಳಿಯುತ್ತಾ ಬರುತ್ತವೆ. 100–150 ಕೆಇವಿ ಹತ್ತಿರ ರೇಖೆ ನೆತ್ತಿ ಮುಟ್ಟಿ, ಅದರ ಕೆಳಗೆ ಬೇಗ ಬೀಳುತ್ತದೆ. ಪಿ-ಮಾದರಿಯ ಡಿಟೆಕ್ಟರಿನಲ್ಲಿ ಹರಳಿನ ಹೊರಮೈಗೆ ಲಿಥಿಯಂ ಇಳಿಸಿ ಮಾಡಿದ ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ನಿಷ್ಕ್ರಿಯ ಪದರ ಕಡಿಮೆ ಶಕ್ತಿಯ ಫೋಟಾನ್‌ಗಳನ್ನು ಅಲ್ಲೇ ನುಂಗಿಬಿಡುವುದು ಈ ಬೀಳುವಿಕೆಗೆ ಕಾರಣ. ಎನ್-ಮಾದರಿಯಲ್ಲಿ ಹೊರ ಪದರ ಅತಿ ತೆಳುವಾಗಿದ್ದು, ಬೆರಿಲಿಯಂ ಕಿಟಕಿಯಿದ್ದರೆ ಎಕ್ಸ್-ಕಿರಣಗಳೂ ಒಳಗೆ ಬರುತ್ತವೆ.

ಶಕ್ತಿಯ ಲಾಗರಿತಮ್ಮಿನ ಬಹುಪದಿಯನ್ನು ಈ ಬಿಂದುಗಳಿಗೆ ಹೊಂದಿಸುವುದು ರೂಢಿ. ಹತ್ತು ಬಿಂದುಗಳಿಗೆ ಮೂರನೆಯ ಅಥವಾ ನಾಲ್ಕನೆಯ ಘಾತ ಸಾಕು. ಘಾತ ಏರಿಸಿದಷ್ಟೂ ರೇಖೆ ಪ್ರತಿ ಬಿಂದುವಿನ ಮೇಲೂ ಹಾದುಹೋಗುವುದು ನಿಜ, ಆದರೆ ಬಿಂದುಗಳ ನಡುವೆ ಅದು ಅಲೆಯಂತೆ ಬಳುಕತೊಡಗುತ್ತದೆ. ಜರ್ಮೇನಿಯಂ ಹರಳಿನಲ್ಲಿ 400ರಿಂದ 700 ಕೆಇವಿ ನಡುವೆ ಅಂಥ ಅಲೆ ಹುಟ್ಟಲು ಯಾವ ಭೌತಿಕ ಕಾರಣವೂ ಇಲ್ಲ. ಅಳೆದ ಬಿಂದುಗಳ ಆಚೆಗೆ ರೇಖೆಯನ್ನು ಚಾಚುವುದೂ ಅಪಾಯ: ಯುರೋಪಿಯಂ 1408ಕ್ಕೆ ನಿಲ್ಲುತ್ತದೆ, ಥೋರಿಯಂ ಸರಣಿಗೆ ಬೇಕಾದದ್ದು 2614.5. ನಡುವಿನ ದಾರಿಗೆ ಇಟ್ರಿಯಂ-88ರ 1836 ಕೆಇವಿ ಬಿಂದು ನೆರವಾಗುತ್ತದೆ.

ರೇಖೆ ಸಿದ್ಧವಾದ ಮೇಲೆ, ಅದನ್ನು ಎಳೆಯಲು ಬಳಸದ ಒಂದು ಆಕರವನ್ನು ಇಟ್ಟು, ಅದರ ಚಟುವಟಿಕೆಯನ್ನು ನಿಮ್ಮ ರೇಖೆಯಿಂದಲೇ ಲೆಕ್ಕ ಹಾಕಿ. ಪ್ರಮಾಣಪತ್ರದ ಬೆಲೆಗೂ ನಿಮ್ಮ ಬೆಲೆಗೂ ಇರುವ ವ್ಯತ್ಯಾಸವನ್ನು ಎರಡರ ಒಟ್ಟು ಅನಿಶ್ಚಿತತೆಯಿಂದ ಭಾಗಿಸಿದಾಗ ಎರಡಕ್ಕಿಂತ ಕಡಿಮೆ ಬಂದರೆ ಮುಂದಕ್ಕೆ ಹೋಗಬಹುದು.

ಹತ್ತಿರ ತಂದಾಗ

ಪರಿಸರದ ಮಾದರಿಗಳಲ್ಲಿ ಚಟುವಟಿಕೆ ಬಹಳ ಕಡಿಮೆಯಿರುವುದರಿಂದ ಅವನ್ನು ಟೊಪ್ಪಿಗೆಗೆ ತಾಗಿಸಿಯೇ ಎಣಿಸಬೇಕಾಗುತ್ತದೆ. ಆಗ ಹೊಸ ತೊಡಕೊಂದು ಎದುರಾಗುತ್ತದೆ. ಕೋಬಾಲ್ಟ್-60ರ ಒಂದೇ ವಿಘಟನೆಯಲ್ಲಿ 1173.2 ಮತ್ತು 1332.5 ಕೆಇವಿ ಫೋಟಾನ್‌ಗಳು ಬೆನ್ನುಬೆನ್ನಿಗೆ ಹೊರಡುತ್ತವೆ. ಎರಡೂ ಹರಳನ್ನು ಹೊಕ್ಕರೆ ಡಿಟೆಕ್ಟರಿಗೆ ಅವು ಒಂದೇ ಸ್ಪಂದನ. ಎರಡೂ ಪೂರ್ತಿ ಶಕ್ತಿ ಬಿಟ್ಟರೆ 2505.7 ಕೆಇವಿಯಲ್ಲಿ ಕೂಡಿಕೆಯ ಪೀಕು ಕಾಣುತ್ತದೆ. ಎರಡನೆಯದು ಸ್ವಲ್ಪವೇ ಶಕ್ತಿ ಬಿಟ್ಟರೂ ಮೊದಲನೆಯದರ ಎಣಿಕೆ ತನ್ನ ಪೀಕಿನಿಂದ ಕಾಣೆಯಾಗುತ್ತದೆ. ಆಕರದ ಬಲವನ್ನು ಕುಗ್ಗಿಸಿದರೆ ಈ ನಷ್ಟ ಕುಗ್ಗುವುದಿಲ್ಲ, ಯಾಕೆಂದರೆ ಇದು ಒಂದೇ ಪರಮಾಣುವಿನ ಒಳಗೆ ನಡೆಯುವ ಸಂಗತಿ. ಕುಗ್ಗುವುದು ದೂರ ಹೆಚ್ಚಿಸಿದಾಗ ಮಾತ್ರ.

ಯುರೋಪಿಯಂ-152ರಲ್ಲಿ ಇಂಥ ಜೋಡಿಗಳು ಬಹಳವಾದ್ದರಿಂದ, ತಾಗಿಸಿಟ್ಟು ಎಳೆದ ಅದರ ರೇಖೆಯನ್ನು ತಿದ್ದದೆ ಬಳಸಬಾರದು. ಪರೀಕ್ಷಿಸುವ ಬಗೆ ಸುಲಭ: ಹತ್ತಿರದ ದಕ್ಷತೆಯನ್ನು ದೂರದ ದಕ್ಷತೆಯಿಂದ ಭಾಗಿಸಿ ಶಕ್ತಿಯ ಎದುರು ಗುರುತಿಸಿ. ಅಮೆರಿಸಿಯಂ-241, ಕ್ಯಾಡ್ಮಿಯಂ-109, ಸೀಸಿಯಂ-137, ಮ್ಯಾಂಗನೀಸ್-54, ಜಿಂಕ್-65 ಇಂಥ ಒಂಟಿ ಗೆರೆಯ ಆಕರಗಳು ನುಣುಪಾದ ರೇಖೆಯ ಮೇಲೆ ಕೂರುತ್ತವೆ. ಯುರೋಪಿಯಂನ ಬಿಂದುಗಳು ಅದಕ್ಕಿಂತ ಕೆಳಗೆ ಬಿದ್ದ ಅಳತೆಯೇ ಕೂಡಿಕೆಯ ನಷ್ಟ. ಹತ್ತಿರದ ಜೋಡಣೆಗೆ ಒಂಟಿ ಗೆರೆಯ ಆಕರಗಳಿಂದಲೇ ರೇಖೆ ಎಳೆಯುವುದು ಉತ್ತಮ. ಅಷ್ಟು ಆಕರಗಳಿಲ್ಲದಿದ್ದರೆ ಫೋಟಾನ್‌ಗಳ ಹಾದಿಯನ್ನು ಒಂದೊಂದಾಗಿ ಯಾದೃಚ್ಛಿಕವಾಗಿ ಅನುಕರಿಸುವ ಜಿಯಾಂಟ್-4ರಂಥ ಮಾಂಟೆ ಕಾರ್ಲೊ ತಂತ್ರಾಂಶದಿಂದ ತಿದ್ದುಪಡಿಯನ್ನು ಲೆಕ್ಕ ಹಾಕಬಹುದು, ಆದರೆ ಆ ಲೆಕ್ಕವನ್ನೂ ಅಳೆದ ಒಂದೆರಡು ಬಿಂದುಗಳ ಎದುರು ನಿಲ್ಲಿಸಿ ನೋಡಬೇಕು.

ಡಬ್ಬಿಯಲ್ಲಿ ತುಂಬಿದ ಮಾದರಿಗೆ

ಮಣ್ಣಿಗೆ ಬಿಂದು ಆಕರದ ರೇಖೆ ಹೊಂದುವುದಿಲ್ಲ. ಅದೇ ಡಬ್ಬಿ, ಅದೇ ಎತ್ತರದವರೆಗೆ ತುಂಬಿದ ಪ್ರಮಾಣಿತ ವಸ್ತು ಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒದಗಿಸುವ ಆರ್‌ಜಿಯು-1, ಆರ್‌ಜಿಟಿಎಚ್-1 ಮತ್ತು ಆರ್‌ಜಿಕೆ-1 ಎಂಬ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಪುಡಿಗಳು ಈ ಕೆಲಸಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿವೆ. ಯುರೇನಿಯಂ ಸರಣಿಗೆ ರೇಡಾನ್ ಹೊರಹೋಗದಂತೆ ಡಬ್ಬಿಯನ್ನು ಮುಚ್ಚಿ ನಾಲ್ಕು ವಾರ ಕಾದು ಎಣಿಸಬೇಕು. ರೇಡಾನ್-222ರ ಅರ್ಧಾಯು 3.82 ದಿನವಾದ್ದರಿಂದ ಅಷ್ಟರಲ್ಲಿ ಸಂತತಿಯೆಲ್ಲ ಸಮತೋಲಕ್ಕೆ ಬಂದಿರುತ್ತದೆ.

ಕೈಯಲ್ಲಿ ಹಣ ಕಡಿಮೆಯಿರುವ ಕಾಲೇಜಿನ ಪ್ರಯೋಗಾಲಯಗಳಿಗೆ ನಾನು ಮೊದಲು ಹೇಳುವ ವಸ್ತು ಪೊಟ್ಯಾಸಿಯಂ ಕ್ಲೋರೈಡ್. ಗೊಬ್ಬರದಂಗಡಿಯಲ್ಲಿ ರೈತರು ಪೊಟ್ಯಾಷ್ ಎಂದು ಕೊಳ್ಳುವುದು ಇದನ್ನೇ. ಅಳತೆಯ ಕೆಲಸಕ್ಕೆ ಮಾತ್ರ ರಾಸಾಯನಿಕ ವಿಶ್ಲೇಷಣೆಗೆಂದು ಮಾರುವ ಶುದ್ಧ ಪುಡಿಯನ್ನೇ ತರಬೇಕು. ನೈಸರ್ಗಿಕ ಪೊಟ್ಯಾಸಿಯಂನ ಪ್ರತಿ ಗ್ರಾಮಿನಲ್ಲೂ ಸುಮಾರು 31 ಬೆಕೆರೆಲ್ ಪೊಟ್ಯಾಸಿಯಂ-40 ಇದ್ದು, ಅದರಿಂದ ಸೆಕೆಂಡಿಗೆ 3.3ರಷ್ಟು 1460.8 ಕೆಇವಿ ಫೋಟಾನ್‌ಗಳು ಹೊರಡುತ್ತವೆ. ಪೊಟ್ಯಾಸಿಯಂ ಕ್ಲೋರೈಡಿನ ತೂಕದಲ್ಲಿ 52.4% ಪೊಟ್ಯಾಸಿಯಂ. ಪುಡಿಯನ್ನು ಒಲೆಯಲ್ಲಿ ಒಣಗಿಸಿ, ಆರಿಸಿ, 300 ಗ್ರಾಂ ತೂಗಿ ಡಬ್ಬಿಗೆ ತುಂಬಿದರೆ ಸೆಕೆಂಡಿಗೆ 520ರಷ್ಟು ಫೋಟಾನ್‌ಗಳ, ಒಳಗೆಲ್ಲ ಸಮನಾಗಿ ಹರಡಿದ ಆಕರ ಸಿಕ್ಕಂತಾಯಿತು. ಒಂಟಿ ಗೆರೆಯಾದ್ದರಿಂದ ಕೂಡಿಕೆಯ ನಷ್ಟವಿಲ್ಲ; ಅರ್ಧಾಯು 125 ಕೋಟಿ ವರ್ಷವಾದ್ದರಿಂದ ಕ್ಷಯದ ಲೆಕ್ಕವೂ ಬೇಡ. ಕಾಂಕ್ರೀಟಿನಿಂದ ಬರುವ ಅದೇ ಗೆರೆಯ ಹಿನ್ನೆಲೆಯನ್ನು ಕಳೆಯುವುದನ್ನು ಮಾತ್ರ ಮರೆಯಬಾರದು.

ಮಾದರಿಯ ಸಾಂದ್ರತೆ ಪ್ರಮಾಣಿತ ಪುಡಿಯದಕ್ಕಿಂತ ಬೇರೆಯಾದಾಗ ಮಾದರಿಯೇ ತನ್ನ ಫೋಟಾನ್‌ಗಳನ್ನು ಹೀರಿಕೊಳ್ಳುವ ಪ್ರಮಾಣವೂ ಬೇರೆಯಾಗುತ್ತದೆ. ಮಂಗಳೂರಿನ ಪಕ್ಕದ ಉಳ್ಳಾಲದ ಕಡಲತೀರದಲ್ಲಿ ಸಿಗುವಂಥ ಮೊನಜೈಟ್ ಬೆರೆತ ಮರಳು ಇದಕ್ಕೆ ಒಳ್ಳೆಯ ಉದಾಹರಣೆ. ಮೊನಜೈಟಿನ ಸಾಂದ್ರತೆ ನೀರಿನ ಐದು ಪಟ್ಟು, ಒಳಗೆ ಸೀರಿಯಂ, ಥೋರಿಯಂನಂಥ ಭಾರದ ಧಾತುಗಳು. 100 ಕೆಇವಿಗಿಂತ ಕೆಳಗಿನ ಫೋಟಾನ್‌ಗಳಿಗೆ ಅದು ದೊಡ್ಡ ಅಡ್ಡಿ. ಇದನ್ನು ತಿದ್ದಲು ತುಂಬಿದ ಡಬ್ಬಿಯ ಮೇಲೆ ಬಿಂದು ಆಕರವನ್ನಿಟ್ಟು ಎಣಿಸಿ, ಖಾಲಿ ಡಬ್ಬಿಯ ಮೇಲೆ ಇಟ್ಟಾಗಿನ ಎಣಿಕೆಯಿಂದ ಭಾಗಿಸಿ, ಹಾದುಬಂದ ಪಾಲನ್ನು ಕಂಡುಕೊಳ್ಳಬೇಕು. ಆ ಪಾಲಿನ ಸ್ವಾಭಾವಿಕ ಲಾಗರಿತಮ್ಮನ್ನು, ಅದೇ ಪಾಲಿನಿಂದ ಒಂದನ್ನು ಕಳೆದ ಬೆಲೆಯಿಂದ ಭಾಗಿಸಿದರೆ ತಿದ್ದುಪಡಿಯ ಗುಣಕ ಸಿಗುತ್ತದೆ. ಅರ್ಧದಷ್ಟು ಫೋಟಾನ್‌ಗಳು ಹಾದುಬಂದಿದ್ದರೆ ಗುಣಕ 1.39. ಪ್ರಮಾಣಿತ ಪುಡಿಗೂ ಇದೇ ಗುಣಕವನ್ನು ಅಳೆದು, ಮಾದರಿಯ ಗುಣಕಕ್ಕೂ ಅದಕ್ಕೂ ಇರುವ ಅನುಪಾತವನ್ನು ಬಳಸಬೇಕು. ಥೋರಿಯಂ ಹೆಚ್ಚಿರುವ ಮರಳಿನಲ್ಲಿ ಥ್ಯಾಲಿಯಂ-208ರ 583.2 ಮತ್ತು 2614.5 ಕೆಇವಿ ಒಂದೇ ವಿಘಟನೆಯ ಜೋಡಿಯಾದ್ದರಿಂದ ಮೇಲೆ ಹೇಳಿದ ಕೂಡಿಕೆಯ ನಷ್ಟವೂ ಇಲ್ಲಿ ಸೇರಿಕೊಳ್ಳುತ್ತದೆ. ಆರ್‌ಜಿಟಿಎಚ್-1ನ್ನು ಅದೇ ಡಬ್ಬಿಯಲ್ಲಿ ಎಣಿಸಿ ನೇರವಾಗಿ ಹೋಲಿಸಿದರೆ ಆ ನಷ್ಟ ಎರಡೂ ಕಡೆ ಸಮನಾಗಿ ಬಹುಪಾಲು ರದ್ದಾಗುತ್ತದೆ.

ಕಾಯ್ದುಕೊಳ್ಳುವುದು

ವಾರಕ್ಕೊಮ್ಮೆ ಅಮೆರಿಸಿಯಂ-241 ಮತ್ತು ಕೋಬಾಲ್ಟ್-60ನ್ನು ಅದೇ ಸ್ಟ್ಯಾಂಡಿನಲ್ಲಿ ಇಟ್ಟು ಎಣಿಸಿ, ಕ್ಷಯವನ್ನು ತಿದ್ದಿದ ಎಣಿಕೆಯ ದರವನ್ನು ನಕ್ಷೆಯ ಮೇಲೆ ಗುರುತಿಸುತ್ತಾ ಬನ್ನಿ. ಎರಡೂ ಒಟ್ಟಿಗೆ ಇಳಿದರೆ ಸ್ಥಾನವನ್ನೋ ಎಲೆಕ್ಟ್ರಾನಿಕ್ಸನ್ನೋ ಶಂಕಿಸಬೇಕು. ಕೋಬಾಲ್ಟ್ ಸ್ಥಿರವಾಗಿದ್ದು ಅಮೆರಿಸಿಯಂನ 59.5 ಕೆಇವಿ ಮಾತ್ರ ಇಳಿದಿದ್ದರೆ ಅದು ಹರಳಿನ ಹೊರಮೈಯ ಸುದ್ದಿ: ಪಿ-ಮಾದರಿಯ ಡಿಟೆಕ್ಟರ್ ದ್ರವ ಸಾರಜನಕವಿಲ್ಲದೆ ತಿಂಗಳುಗಟ್ಟಲೆ ಬೆಚ್ಚಗೆ ಕೂತಿದ್ದಾಗ ಲಿಥಿಯಂ ಇನ್ನಷ್ಟು ಒಳಗಿಳಿದು ನಿಷ್ಕ್ರಿಯ ಪದರ ದಪ್ಪವಾಗುತ್ತದೆ. ಹಾಗಾದಾಗ ಹಳೆಯ ರೇಖೆಯ ಕೆಳತುದಿಯನ್ನು ನಂಬದೆ, ಕಡಿಮೆ ಶಕ್ತಿಯ ಬಿಂದುಗಳನ್ನು ಮೊದಲಿನಿಂದ ಅಳೆದು, ರೇಖೆಯ ಮೇಲೆ ಹೊಸ ದಿನಾಂಕ ಬರೆದು ಹಳೆಯದರ ಪಕ್ಕದಲ್ಲೇ ಕಡತಕ್ಕೆ ಸೇರಿಸಬೇಕು.